ಮಾವನವರ ಹಿತ್ತಾಳೆ ಇಂಜಿನ್ನು

ನಮ್ಮ ಮಾವನವರ ಬೆರಳ ತುದಿಗಳು ಹಳದಿ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಆಸಿಡ್ಡಿನ ಆ ಕಲೆ ಹೋಗುತ್ತಿರಲಿಲ್ಲ. ಬಲಗೈ ಸದಾ ಸಣ್ಣಗೆ ನಡುಗುತ್ತಿತ್ತು.

ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತರಾದ ಮೇಲೆ ರೈಲೇ ಇಲ್ಲದ ಕೊಳ್ಳೇಗಾಲಕ್ಕೆ ವಾಪಸು ಬಂದವರು. ಅರವತ್ತರ ದಶಕದ ಮೊದಲಲ್ಲಿ ನಾನು ಸೊಸೆಯಾಗಿ ಬಂದಾಗ, ಹಿತ್ತಲ ಚಪ್ಪರದಡಿ ಕೂತು ಮೊಳದುದ್ದದ ಹಿತ್ತಾಳೆ ರೈಲು ಇಂಜಿನ್ನಿನ ಮಾದರಿ ಮಾಡುತ್ತಿದ್ದರು. ತಗಡಿಗೆ ಜೇನುಮೇಣ ಸವರಿ, ಸೂಜಿಯಿಂದ ಗೆರೆ ಕೊರೆದು, ಪಿಂಗಾಣಿ ತಟ್ಟೆಯ ಆಸಿಡ್ಡಿನಲ್ಲಿ ಮುಳುಗಿಸುವುದು. ಮೇಣವಿದ್ದ ಕಡೆ ತಗಡು ಹಾಗೇ ಉಳಿಯುತ್ತದೆ. ಗೆರೆ ಎಳೆದ ಕಡೆ ಆಸಿಡ್ ತಿಂದು ಬಾಗಿಲು, ಕಿಟಕಿ, ರಿವೆಟ್ಟಿನ ಸಾಲು ಮೂಡುತ್ತವೆ. ಆದರೆ ಕೈ ನಡುಗಿ ಅವರ ಗೆರೆಗಳೆಲ್ಲ ಸೊಟ್ಟಗಾಗುತ್ತಿದ್ದವು.

ಆಗೆಲ್ಲ ಸೊಸೆ ಮಾವನೆದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಕಾಫಿ ಲೋಟ ಇಟ್ಟು ಒಳಗೆ ಬಂದುಬಿಡುತ್ತಿದ್ದೆ. ಒಂದು ದಿನ ಅವರು ಹಾಳಾದ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನನ್ನ ತವರು ರೇಷ್ಮೆ ನೇಯುವ ಮನೆ. ಸೀರೆಯಂಚಿನ ನಕ್ಷೆಗಳನ್ನು ಚೌಕುಳಿ ಕಾಗದದ ಮೇಲೆ ಬರೆದು ಅಭ್ಯಾಸವಿತ್ತು. ಧೈರ್ಯ ಮಾಡಿ, ನಾನು ಎಳೆಯಲೇ ಎಂದು ಕೇಳಿದೆ. ಅವರು ಸೂಜಿಯನ್ನು ನನ್ನ ಕಡೆಗೆ ನೂಕಿದರು, ಅಷ್ಟೆ.

ಅಂದಿನಿಂದ ಅಡುಗೆ ಮುಗಿದ ಮೇಲೆ ನಾನು ಕೊರೆಯುವುದು, ಅವರು ಅದ್ದುವುದು. ತಗಡಿನ ಮೇಲೇಳುವ ಗುಳ್ಳೆಗಳನ್ನು ಹಕ್ಕಿಗರಿಯಿಂದ ಮೆಲ್ಲಗೆ ಸವರಿ ಓಡಿಸುತ್ತಿದ್ದರು. ಡ್ರೈವರ್ ನಿಲ್ಲುವ ಗೂಡಿನ ತಗಡನ್ನು, ಮಡಿಕೆಗೆಂದು ಕೊರೆದ ಗೆರೆ ಒಳಬದಿಗೆ ಬರುವ ಹಾಗೆ ಮಡಿಸಬೇಕಿತ್ತು. ನಾನು ಉಲ್ಟಾ ಮಡಿಸಿದೆ. ಪಟ್ಟೆಂದು ಮುರಿಯಿತು. ಎಷ್ಟೋ ದಿನದ ಕೆಲಸ. ನನಗೆ ಅಳು ಬಂತು.

"ಓಗ್ಲಿ ಬುಡವ್ವ. ಮುರುದದ್ದು ತಗಡು, ಕೈಯಲ್ಲ. ಇನ್ನೊಂದು ಕೊರಿ" ಅಂದರು.

ಇಂಜಿನ್ನು ಮುಗಿಯುವ ಹೊತ್ತಿಗೆ, ನಾನು ಡ್ರಾಯಿಂಗ್ ಪರೀಕ್ಷೆ ಕಟ್ಟಿ ಟೀಚರ್ ಆಗಬೇಕೆಂದು ಅವರ ತಲೆಗೆ ಹೊಕ್ಕಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಸುತರಾಂ ಒಪ್ಪಲಿಲ್ಲ. ಮನೆಯ ಹೆಂಗಸು ಪರೀಕ್ಷೆ, ಕೆಲಸ ಅಂತ ಊರೂರು ಅಲೆಯುವುದು ಬೇಡ ಎಂದರು. ಮಾವ ವಾದಕ್ಕೆ ಹೋಗದೆ ಇಂಜಿನ್ನು ತಂದು ಮಗನ ಮುಂದಿಟ್ಟರು.

"ಬಾಯ್ಲರು, ಚಕ್ರ ನಂದು. ಮಿಕ್ಕದ್ದೆಲ್ಲ ಅವಳ್ದು. ವರ್ಕ್‌ಶಾಪಲ್ಲಿ ಎಷ್ಟೋ ಕೈ ನೋಡಿವ್ನಿ. ಈ ಕೈನ ಬರೀ ಒಲೆ ಮುಂದೆ ಕೂರುಸ್ಬ್ಯಾಡ ಕಣ್ಲಾ."

ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪರೀಕ್ಷೆಯ ದಿನ ನನ್ನನ್ನು ಮೈಸೂರಿನ ಬಸ್ಸಿಗೆ ಹತ್ತಿಸಿ, ಜೊತೆಗೆ ಬಂದವರೂ ಅವರೇ.

ಯಳಂದೂರಿನ ಶಾಲೆಯಲ್ಲಿ ನನಗೆ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಮಾವ ಹಾಸಿಗೆ ಹಿಡಿದರು. ತೀರಿಕೊಂಡ ಸುದ್ದಿಯನ್ನು ಬಸ್ಸಿನ ಕಂಡಕ್ಟರು ಶಾಲೆಗೆ ತಂದು ಮುಟ್ಟಿಸಿದ. ನಾನು ಮನೆ ಸೇರಿದಾಗ ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಬೆಳಿಗ್ಗೆ ಉಸಿರು ಕಟ್ಟತೊಡಗಿದಾಗ ನನ್ನನ್ನು ಕರೆಸಲು ಹೊರಟರಂತೆ. ಮಾವ ಕೈಯಾಡಿಸಿ ತಡೆದರಂತೆ.

"ಪಾಟ ಮಾಡ್ತಾವ್ಳೆ, ಕರಿಬ್ಯಾಡ. ಇಸ್ಕೂಲು ಬುಟ್ಮೇಲೆ ಬತ್ತಾಳೆ."