ಸೈಮಾ ಮುಟ್ಟದ ಕಡತ

ಹೆಲ್ಸಿಂಕಿಯಲ್ಲಿ ನಮ್ಮ ನ್ಯಾಯ ಸಚಿವಾಲಯದ ಮೆಟ್ಟಿಲಿನಿಂದ ರಾಷ್ಟ್ರಾಧ್ಯಕ್ಷರ ಅರಮನೆಯ ಬಾಗಿಲಿಗೆ ಏಳುನೂರ ನಲವತ್ತು ಹೆಜ್ಜೆ. ಎಣಿಸಿದವಳು ನಾನಲ್ಲ, ಸೈಮಾ ತೋಲೊನೆನ್. ಇಪ್ಪತ್ತೊಂಬತ್ತು ವರ್ಷ ಒಂದು ಶುಕ್ರವಾರವನ್ನೂ ತಪ್ಪಿಸದೆ ಆ ದಾರಿ ನಡೆದವಳು ಅವಳು. ಕೈಯಲ್ಲಿ ಕಪ್ಪು ಚರ್ಮದ ಕಡತ. ಅದರೊಳಗೆ ಆ ವಾರ ಅಧ್ಯಕ್ಷರು ಸಹಿ ಹಾಕಬೇಕಾದ ನೇಮಕದ ಪತ್ರಗಳು. ಇಂಥವರು ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರು, ಇಂಥವರು ಸೆರೆಮನೆಗಳ ಮೇಲಧಿಕಾರಿ, ಹೀಗೆ. ದೇಶದ ದೊಡ್ಡ ನ್ಯಾಯಾಧೀಶರೆಲ್ಲ ಮೊದಲು ನಿನ್ನ ಕಂಕುಳಲ್ಲಿ ಕೂತು ಆಮೇಲೆ ಕುರ್ಚಿಯಲ್ಲಿ ಕೂತವರು ಎಂದು ನಾನು ಅವಳನ್ನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

"ಕಂಕುಳಲ್ಲಿ ಅಲ್ಲ ಹೆಲ್ವಿ, ಎರಡೂ ಕೈಯಲ್ಲಿ ಹಿಡ್ಕೊಂಡು ಹೋಗ್ತೀನಿ," ಅನ್ನುತ್ತಿದ್ದಳು.

ಹೆಲ್ವಿ ಅಂದರೆ ನಾನು, ದಾಖಲೆ ವಿಭಾಗದ ಗುಮಾಸ್ತೆ. ನನ್ನ ಬಾಯಿ ಸ್ವಲ್ಪ ಜೋರು. ಸೈಮಾ ಸಚಿವಾಲಯದ ಬಾಗಿಲು ಕಾಯುವವಳು, ಕಾಗದಪತ್ರ ಒಯ್ಯುವವಳು, ಹನ್ನೊಂದಕ್ಕೂ ಎರಡಕ್ಕೂ ಎಲ್ಲರಿಗೂ ಕಾಫಿ ಕೊಡುವವಳು. ಹಿತ್ತಾಳೆ ಗುಂಡಿಯ ಸಮವಸ್ತ್ರ ತೊಟ್ಟು ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕೂರುತ್ತಿದ್ದಳು. ಯಾರು ಯಾವ ಹುದ್ದೆಗೆ ಬರುತ್ತಾರೆ ಅಂತ ಪತ್ರಿಕೆಯವರು ಅವಳ ಹತ್ತಿರ ಬಂದು ಬಂದು ಬರಿಗೈಯಲ್ಲಿ ವಾಪಸು ಹೋಗುತ್ತಿದ್ದರು. ಕಡತವನ್ನು ಅವಳು ಒಂದು ಸಲವೂ ತೆರೆದವಳಲ್ಲ. ನಾನಾಗಿದ್ದರೆ ಮೊದಲನೇ ವಾರವೇ ತೆರೆದಿರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವಳು ಉತ್ತರದ ಕೈನು ಪ್ರಾಂತದವಳು. ಹತ್ತೊಂಬತ್ತಕ್ಕೆ ಮಗಳು ಹುಟ್ಟಿದಳು. ಮಗುವಿಗೆ ಮೂರು ತಿಂಗಳಾಗಿದ್ದಾಗ ಗಂಡ ಗಡಿಯ ಯುದ್ಧದಲ್ಲಿ ಸತ್ತ. ಯುದ್ಧ ಮುಗಿದ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಒಂದು ಮಗು ಹಿಡಿದುಕೊಂಡು ರಾಜಧಾನಿಗೆ ಬಂದಳು. ಮೊದಲ ಹತ್ತು ವರ್ಷ ಇದೇ ಸಚಿವಾಲಯದ ನೆಲ ಒರೆಸಿದಳು, ಆಮೇಲೆ ಈ ಗೂಡು ಸಿಕ್ಕಿತು. ಮಗಳು ಇರ್ಮೆಲಿ ದಿನಾ ಶಾಲೆ ಬಿಟ್ಟ ಕೂಡಲೇ ಇಲ್ಲಿಗೆ ಬಂದು, ಅಮ್ಮನ ಕಾಲ ಬುಡದಲ್ಲಿ ಕೂತು, ಅಧಿಕಾರಿಗಳು ಎಸೆದ ಹಳೇ ತೀರ್ಪಿನ ಪುಸ್ತಕಗಳನ್ನು ಓದುತ್ತಿದ್ದಳಂತೆ. ಇದೆಲ್ಲ ನನಗೆ ಬೇರೆಯವರು ಹೇಳಿದ್ದು. ಸೈಮಾ ಮಗಳ ಬಗ್ಗೆ ಬಾಯಿ ಬಿಟ್ಟವಳಲ್ಲ. ಮಗಳು ಏನು ಮಾಡುತ್ತಾಳೆ ಅಂತ ಒಮ್ಮೆ ಕೇಳಿದ್ದೆ. "ಪೂರ್ವದ ಕಡೆ, ಕೋರ್ಟಲ್ಲಿ ಕೆಲಸ," ಅಂದಳು. ಎರಡು ವರ್ಷ ನಾನು ಆ ಹುಡುಗಿಯನ್ನು ಟೈಪಿಸ್ಟ್ ಅಂದುಕೊಂಡಿದ್ದೆ. ಅವಳು ನ್ಯಾಯಾಧೀಶೆ ಅಂತ ಗೊತ್ತಾದ ದಿನ ಸೈಮಾಳ ಜೊತೆ ಮಾತು ಬಿಟ್ಟೆ, ಸಂಜೆ ತನಕ.

ಎಂಬತ್ತರ ದಶಕದ ನಡುವಿನ ಒಂದು ಜೂನ್. ಆ ತಿಂಗಳ ಕೊನೆಗೆ ಸೈಮಾಳಿಗೆ ನಿವೃತ್ತಿ. ಗುರುವಾರ ನನ್ನ ಮೇಜಿಗೆ ಶುಕ್ರವಾರದ ಪಟ್ಟಿ ಬಂತು. ಮೂರನೇ ಹೆಸರು ಓದಿ ಎದ್ದು ನಿಂತೆ. ಪೂರ್ವದ ಮೇಲ್ಮನವಿ ನ್ಯಾಯಾಲಯದ ಮುಖ್ಯಸ್ಥೆಯಾಗಿ, ಇರ್ಮೆಲಿ ತೋಲೊನೆನ್.

ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ. "ಸೈಮಾ! ಏನೇ ಇದು! ನಿನ್ನ ಮಗಳು!" ಎಂದು ಗೂಡಿನ ಗಾಜು ಬಡಿದೆ.

"ಮೆತ್ತಗೆ ಕಣೇ," ಅಂದಳು. ಮುಖ ಸುಣ್ಣವಾಗಿತ್ತು. "ಅರ್ಜಿ ಹಾಕಿದ್ದು ಗೊತ್ತಿತ್ತು. ಇಲ್ಲಿ ತನಕ ಬರುತ್ತೆ ಅಂದ್ಕೊಂಡಿರಲಿಲ್ಲ."

"ಬಂದಿದೆಯಲ್ಲ! ನಾಳೆ ನೀನೇ ನಿನ್ನ ಮಗಳನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಹೋಗು!"

ಅವಳು ಟೋಪಿ ತೆಗೆದು, ನೇರ ನಮ್ಮ ವಿಭಾಗದ ಮುಖ್ಯಸ್ಥ ಶೋಬ್ಲೂಮ್ ಅವರ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ, ನನ್ನನ್ನು ಯಾರೂ ಕರೆದಿರಲಿಲ್ಲ.

"ಸಾರ್, ನಾಳೆ ಫೈಲು ನಾನು ಒಯ್ಯೋದಿಲ್ಲ. ನಾನು ಯಾವಿ," ಅಂದಳು.

ಯಾವಿ ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಸ್ವಂತದವರ ವಿಷಯ ಮೇಜಿಗೆ ಬಂತೋ, ಅಧಿಕಾರಿ ನಾನು ಯಾವಿ ಅಂತ ಹೇಳಿ ಕುರ್ಚಿ ಬಿಟ್ಟು ಹೊರಗೆ ಹೋಗಿಬಿಡಬೇಕು. ನ್ಯಾಯಾಧೀಶರು ಹೋಗುತ್ತಾರೆ, ಮಂತ್ರಿಗಳೂ ಹೋಗುತ್ತಾರೆ. ಬಾಗಿಲು ಕಾಯುವವಳು ಹೋದದ್ದನ್ನು ನಾನು ಕಂಡಿರಲಿಲ್ಲ.

ಶೋಬ್ಲೂಮ್ ಕನ್ನಡಕ ತೆಗೆದರು. ನಗು ತಡೆಯಲು ಕೆಮ್ಮಿದರು. "ಸೈಮಾ, ನೀವು ಹೊರೋದು ಬರೀ ಫೈಲು. ನಿರ್ಧಾರ ನಿಮ್ಮದಲ್ಲವಲ್ಲ."

"ಫೈಲು ಹೋಗದೆ ನಿರ್ಧಾರ ಆಗುತ್ತಾ ಸಾರ್?"

ಆ ಹುದ್ದೆಯ ಜಗಳ ನಮಗೆಲ್ಲ ಗೊತ್ತಿತ್ತು. ಇನ್ನೊಬ್ಬ ಅಭ್ಯರ್ಥಿ ಹಿರಿಯ, ದೊಡ್ಡ ಮನೆತನದವನು, ಅವನ ಕಡೆಯವರಿಗೆ ಬೇಕಾಗಿದ್ದುದು ಒಂದೇ, ವಿಷಯ ಈ ಶುಕ್ರವಾರ ತಪ್ಪಬೇಕು. ಈ ಶುಕ್ರವಾರ ತಪ್ಪಿದರೆ ಅಧ್ಯಕ್ಷರು ಬೇಸಿಗೆ ಮನೆಗೆ ಹೊರಡುತ್ತಾರೆ, ಆಗಸ್ಟಿನಲ್ಲಿ ಎಲ್ಲ ಅರ್ಜಿ ಹೊಸದಾಗಿ ನೋಡುತ್ತಾರೆ, ಅಷ್ಟರಲ್ಲಿ ಇರ್ಮೆಲಿಯ ಹೆಸರು ಕೆಳಗಿಳಿಸುವುದು ಅವರಿಗೆ ಕಷ್ಟವಿರಲಿಲ್ಲ. ಅಮ್ಮನೇ ಕಡತ ಹೊತ್ತಳು ಅಂತ ಒಂದು ಪತ್ರಿಕೆ ಬರೆದರೂ ವಿಷಯ ಮುಂದೂಡಿಸಲು ಅವರಿಗೆ ಸಾಕಿತ್ತು.

ಶೋಬ್ಲೂಮ್ ಎದ್ದು ನಿಂತರು. ಮಂತ್ರಿ ಬಂದರೂ ಅರ್ಧ ಏಳುವ ಮನುಷ್ಯ ಪೂರ್ತಿ ಎದ್ದು, "ಸರಿ, ದಾಖಲೆಯಲ್ಲಿ ಬರೆಸ್ತೀನಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹೆಲ್ವಿ, ನಾಳೆ ನೀವು ಹೋಗಿ. ದಾರಿಯಲ್ಲಿ ಮಾತಾಡ್ತಾ ನಿಲ್ಲಬೇಡಿ," ಅಂದರು.

ಸೈಮಾ ಶುಕ್ರವಾರಕ್ಕೆ ರಜೆ ಬರೆದು ಕೊಟ್ಟಳು. ಕಡತ ಇರುವ ಕಟ್ಟಡದಲ್ಲೇ ಇರುವುದಿಲ್ಲವಂತೆ.

ಮಾರನೆಯ ದಿನ ನಾನು ಒಳ್ಳೆಯ ಕೋಟು ಹಾಕಿಕೊಂಡು, ಕೂದಲಿಗೆ ಗುಂಗುರು ಮಾಡಿಸಿಕೊಂಡು, ಕಡತ ಹಿಡಿದು ಹೊರಟೆ. ಅಧ್ಯಕ್ಷರು ಸಹಿ ಹಾಕುವ ಸಭೆ ಹನ್ನೊಂದಕ್ಕೆ. ನಾನು ಹೊರಟದ್ದು ಹತ್ತಕ್ಕೆ! ನಮ್ಮ ಜನಕ್ಕೆ ತಡವಾಗಿ ಹೋಗುವುದು ಪಾಪ, ಬೇಗ ಹೋಗಿ ಬಾಗಿಲು ತಟ್ಟುವುದು ನಾಚಿಕೆಗೇಡು. ಹಾಗಾಗಿ ಬೇಗ ಹೋಗಿ ಎಲ್ಲಾದರೂ ನಿಂತು ಕಾಯುತ್ತೇವೆ. ಅರಮನೆಯ ಮುಂದೆಯೇ ಬಂದರಿನ ಮಾರುಕಟ್ಟೆ. ಮೊದಲ ಹೊಸ ಆಲೂಗಡ್ಡೆ ಬಂದಿತ್ತು, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳುವಂಥದ್ದು. ಲೀಟರಿನ ಡಬ್ಬಿಯಲ್ಲಿ ಎರಡು ಸಲ ಅಳೆಸಿ ಕಾಗದದ ಚೀಲಕ್ಕೆ ಹಾಕಿಸಿದೆ. ಇನ್ನೂ ಅರ್ಧ ಗಂಟೆಯ ಮೇಲಿತ್ತು. ಕಾಫಿ ಡೇರೆಯಲ್ಲಿ ಕೂತೆ. ಕಡತ ಮೇಜಿನ ಮೇಲೆ, ಎದುರಿಗೇ. ಸಕ್ಕರೆ ಸವರಿದ ಬಿಸಿ ಬನ್ನನ್ನು ಬಾಯಿಗಿಡಬೇಕು, ಹಾಳಾದ ಕಡಲಹಕ್ಕಿ ಎಲ್ಲಿಂದಲೋ ಎರಗಿ ಕೈಯಿಂದಲೇ ಕಿತ್ತುಕೊಂಡು ಹೋಯಿತು! ಕಾಫಿ ನನ್ನ ಒಳ್ಳೆಯ ಕೋಟಿನ ಮೇಲೆ. ನಾನು ಕೂಗಿದೆ, ಹಕ್ಕಿಗೆ ಬೈದೆ, ಡೇರೆಯವನಿಗೆ ಬೈದೆ, ಕೋಟು ಒರೆಸಿದೆ, ಎಲ್ಲರೂ ನೋಡುತ್ತಿದ್ದಾರೆ ಅಂತ ನಾಚಿಕೆಯಾಗಿ ಮೇಜಿನಿಂದ ಎತ್ತಿಕೊಂಡದ್ದನ್ನು ಎದೆಗವಚಿ ಸರಸರ ನಡೆದೆ.

ಅರಮನೆಯ ಬಾಗಿಲಲ್ಲಿ ಟೈಸ್ಟೊ ಇದ್ದ. ಇಪ್ಪತ್ತು ವರ್ಷದಿಂದ ಸೈಮಾಳ ಕೈಯಿಂದ ಕಡತ ಇಳಿಸಿಕೊಂಡವನು. ನನ್ನ ಎದೆಯ ಮೇಲಿದ್ದುದನ್ನು ನೋಡಿದ.

"ಏನ್ ಹೆಲ್ವಿ, ಈ ಸಲ ಅಧ್ಯಕ್ಷರು ಆಲೂಗಡ್ಡೆಗೆ ಸಹಿ ಹಾಕಬೇಕಾ?"

ಗಡಿಯಾರದಲ್ಲಿ ಹನ್ನೊಂದಕ್ಕೆ ಹದಿನೇಳು ನಿಮಿಷ. ಚೀಲ ಅವನ ಕೈಗೆ ತುರುಕಿ ಓಡಿದೆ. ಐವತ್ತೆಂಟು ವರ್ಷದ ಹೆಂಗಸು, ಹಿಮ್ಮಡಿ ಎತ್ತರದ ಬೂಟು, ಕಲ್ಲುಹಾಸಿನ ಮೇಲೆ. ಕಡತ ಯಾರಾದರೂ ಎತ್ತಿಕೊಂಡಿದ್ದರೆ? ಗಾಳಿಗೆ ಬಿಚ್ಚಿಕೊಂಡು ಪತ್ರ ನೀರಿಗೆ ಹೋಗಿದ್ದರೆ? ಸೈಮಾಳ ಮುಖ ಹೇಗೆ ನೋಡಲಿ? ಅಯ್ಯೋ ದೇವರೇ, ಈ ನನ್ನ ತಿನ್ನುವ ಚಪಲಕ್ಕೆ ಬೆಂಕಿ ಹಾಕ ಎಂದು ಬೈದುಕೊಳ್ಳುತ್ತಾ ಓಡಿದೆ.

ಡೇರೆಯ ಹತ್ತಿರ ಸಣ್ಣ ಗುಂಪು. ನಡುವೆ ಸೈಮಾ.

ಚರ್ಚಿಗೆ ಹೋಗುವ ಕೋಟು ಹಾಕಿದ್ದಳು. ಮನೆಯಲ್ಲಿ ಕೂರಲಾಗದೆ ಬೆಳಗ್ಗೆಯಿಂದ ಬಂದರಿನ ಕಟ್ಟೆಯ ಮೇಲೆ, ಅರಮನೆಯ ಬಾಗಿಲು ಕಾಣುವಷ್ಟು ದೂರದಲ್ಲಿ ಕೂತಿದ್ದಳಂತೆ. ನನ್ನನ್ನು ನೋಡಿದ್ದಳು, ಹಕ್ಕಿಯನ್ನು ನೋಡಿದ್ದಳು, ನಾನು ಆಲೂಗಡ್ಡೆ ಹೊತ್ತು ಹೋದದ್ದನ್ನೂ ನೋಡಿದ್ದಳು. ಕೂಗಿದಳಂತೆ, ಗಾಳಿಗೆ ನನಗೆ ಕೇಳಿಸಿರಲಿಲ್ಲ. ಈಗ ಮೇಜಿಗೆ ಅಂಟಿದಂತೆ ನಿಂತಿದ್ದಾಳೆ, ಎರಡೂ ಕೈ ಬೆನ್ನ ಹಿಂದೆ. ಗಾಳಿ ಬಂದ ಕಡೆ ಮೈ ಅಡ್ಡ ಕೊಟ್ಟಿದ್ದಾಳೆ. ಕಡತ ನಾನು ಇಟ್ಟಲ್ಲೇ ಇದೆ.

"ನೀನೇ ತಗೊಂಡು ಹೋಗಿ ಕೊಡಮ್ಮ, ಅದೋ ಅಲ್ಲೇ ಅರಮನೆ," ಅಂತ ಡೇರೆಯವನು ಗೋಗರೆಯುತ್ತಿದ್ದ.

"ನಾನು ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ನಾನು ಕೊಟ್ಟು ಬರ್ತೀನಿ."

"ನೀನೂ ಮುಟ್ಟೋ ಹಾಗಿಲ್ಲ! ಸರಕಾರದ ಫೈಲದು. ಅವಳು ಬರ್ತಾಳೆ, ಬರದೆ ಎಲ್ಲಿ ಹೋಗ್ತಾಳೆ."

"ತಲೆ ಕೆಟ್ಟಿದೆಯಾ ನಿಂಗೆ?" ಅಂದ ಅವನು. ಪಕ್ಕದ ಮೀನಿನ ದೋಣಿಯವನು ನಕ್ಕ. ಇನ್ನೊಬ್ಬ ಕುತೂಹಲಕ್ಕೆ ಕೈ ಚಾಚಿದ. ಸೈಮಾ ಎದೆ ಅಡ್ಡ ಕೊಟ್ಟು ನಿಂತಳು, ಕೈ ಮಾತ್ರ ಬೆನ್ನ ಹಿಂದಿನಿಂದ ತೆಗೆಯಲಿಲ್ಲ. ನಾನು ಅವಳ ಹಿಂದಿನಿಂದ ಬಂದದ್ದರಿಂದ ಆ ಕೈಗಳು ನನಗೆ ಕಂಡವು. ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

"ಸೈಮಾ!" ಅಂದೆ. ಉಸಿರಿಲ್ಲ.

"ಇನ್ನು ಹದಿಮೂರು ನಿಮಿಷ ಇದೆ. ಬಾಯಿ ಮುಚ್ಕೊಂಡು ಎತ್ಕೊ."

ಎತ್ತಿಕೊಂಡೆ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ನೀನೇ ತಂದು ಕೊಡಬಾರದಿತ್ತಾ? ಇನ್ನೂರು ಹೆಜ್ಜೆ ಇಲ್ಲ. ನಾನು ಬರದೇ ಇದ್ದಿದ್ರೆ? ಇದು ತಪ್ಪಿಹೋಗಿದ್ದಿದ್ರೆ?"

"ತಪ್ಪಿದ್ರೆ ಇರ್ಮೆಲಿ ಇನ್ನೊಂದ್ಸಲ ಅರ್ಜಿ ಹಾಕ್ತಿದ್ಲು," ಅಂದಳು. "ನಾನು ಮುಟ್ಟಿದ್ರೆ, ಅವಳು ಆ ಕುರ್ಚಿಯಲ್ಲಿ ಇರೋ ತನಕ ನಾನು ಮುಟ್ಟಿದ್ದೂ ಇರ್ತಿತ್ತು. ಓಡೇ!"

ಓಡಿದೆ. ಹನ್ನೊಂದಕ್ಕೆ ಒಂಬತ್ತು ನಿಮಿಷ ಇರುವಾಗ ಟೈಸ್ಟೊ ಕಡತ ಒಳಗೆ ಕಳಿಸಿದ. ನಾನು ಬಾಗಿಲು ಕಾಯುವವನ ಕೋಣೆಯಲ್ಲಿ ಆಲೂಗಡ್ಡೆ ತೊಡೆಯ ಮೇಲಿಟ್ಟುಕೊಂಡು ಕೂತೆ. ನಲವತ್ತು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ಬೇಕಾದರೆ ಟೈಸ್ಟೊನನ್ನು ಕೇಳಿ. ಕೊನೆಗೆ ಸಭೆಗೆ ಹೋಗಿದ್ದ ನಮ್ಮ ಸಚಿವಾಲಯದ ಅಧಿಕಾರಿ ಹೊರಬಂದು, ಕಡತ ನನ್ನ ಕೈಗಿಟ್ಟು, "ಎಲ್ಲಕ್ಕೂ ಆಯ್ತು," ಅಂದರು.

"ಮೂರನೆಯದಕ್ಕೂ?"

"ಎಲ್ಲಕ್ಕೂ ಅಂದೆನಲ್ಲ ಹೆಲ್ವಿ."

ಸೈಮಾ ಅದೇ ಡೇರೆಯ ಹೊರಗೆ ನಿಂತಿದ್ದಳು. ನಾನು ದೂರದಿಂದಲೇ ತಲೆಯಾಡಿಸಿದೆ. ಅವಳು ಅಲುಗಾಡಲಿಲ್ಲ, ನಾನು ಹತ್ತಿರ ಬರುವ ತನಕ ಕಾದಳು.

"ಸಹಿ ಆಯ್ತಾ?"

"ಆಯ್ತು."

"ಶಾಯಿ ಒಣಗಿದೆಯಾ?"

"ನನ್ನಾಣೆ ಒಣಗಿದೆ, ಮಾರಾಯ್ತಿ!" ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

ಕೋಟಿನ ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದಳು. ಬಲಗೈ ಒರೆಸಿದಳು, ಎಡಗೈ ಒರೆಸಿದಳು, ಬೆರಳ ಸಂದುಗಳನ್ನೂ ಬಿಡಲಿಲ್ಲ. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. "ಈಗ ಕೊಡು. ಸಹಿ ಆದ್ಮೇಲೆ ನಾನು ಯಾವಿ ಅಲ್ಲ."

ಕೊಟ್ಟೆ. ಅದರ ಭಾರ ಅವಳಿಗೆ ಹೊಸದೇ? ಆದರೂ ಒಂದು ಗಳಿಗೆ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಳು.

"ತೆರೆದು ನೋಡೇ ಒಂದ್ಸಲ," ಅಂದೆ. "ಯಾರೂ ನೋಡ್ತಿಲ್ಲ. ಮೂರನೇ ಕಾಗದ."

"ನನ್ನ ಕೆಲಸ ಒಯ್ಯೋದು," ಅಂದಳು.

ನಾನು ಸಚಿವಾಲಯದ ಕಡೆ ತಿರುಗಿದೆ, ಅವಳು ತಿರುಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಗೆರೆ ಎಳೆದ ಹಾಗೆ ನೇರ ದಾರಿಯಲ್ಲಿ ನಡೆದವಳು ಅವತ್ತು ಮಾರುಕಟ್ಟೆಯನ್ನೇ ಸುತ್ತುಹಾಕಿ ಹೊರಟಳು. ಮೀನಿನ ದೋಣಿಗಳ ಮುಂದೆ, ಹೂವಿನವರ ಮುಂದೆ, ಆಲೂಗಡ್ಡೆಯವಳ ಮುಂದೆ, ತಲೆಯೆತ್ತಿ ನಿಧಾನವಾಗಿ. ನಾನು ಚೀಲ ಹೊತ್ತು ಹಿಂದೆ. ಕಾಫಿ ಡೇರೆಯ ಮುಂದೆ ಬಂದಾಗ ಆ ಮನುಷ್ಯ ಬಟ್ಟಲು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ.

"ಏನಮ್ಮ," ಅಂದ, ವ್ಯಂಗ್ಯವಾಗಿ. "ಈಗ ಮುಟ್ಟಬಹುದಾ?"

ಸೈಮಾ ನಿಂತಳು. ಮಗಳ ಬಗ್ಗೆ ನನ್ನ ಹತ್ತಿರ ಕೂಡ ಬಾಯಿ ಬಿಡದಿದ್ದವಳು, ಕಡತವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ದೋಣಿಯವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಈಗ ಮುಟ್ಟಬಹುದು. ಇದರಲ್ಲಿ ನನ್ನ ಮಗಳಿದ್ದಾಳೆ."