ಪಿಲಾರ್ ಎಂಬ ಕುಳಿ

ಫ್ಲ್ಯಾಗ್‌ಸ್ಟಾಫ್ ಊರಿನ ನಮ್ಮ ನಕ್ಷೆ ಕಚೇರಿಯ ಗೋಡೆಯ ಮೇಲೆ ಗುರುಗ್ರಹದ ಒಂದು ಹಿಮಚಂದ್ರನ ನಕ್ಷೆ ಇದೆ. ಅದರ ಕೆಳತುದಿಯಲ್ಲಿ, ಚಿತ್ರವೇ ಸಿಗದೆ ಬಿಳಿಯಾಗಿ ಉಳಿದ ಭಾಗದ ಅಂಚಿನಲ್ಲಿ, ಒಂದು ಸಣ್ಣ ಕುಳಿಯ ಸುತ್ತ ಕಾಗದ ಸವೆದಿದೆ. ನಮ್ಮ ಹಿರಿಯ ನಕ್ಷೆಗಾರ್ತಿ ಇನೆಸ್ ಆರ್ಮಿಹೋ ಹೋಗುತ್ತಾ ಬರುತ್ತಾ ಬೆರಳಾಡಿಸಿ ಸವೆಸಿದ್ದು.

ನಕ್ಷೆ ಮಾಡುವವರು ತಮ್ಮತಮ್ಮೊಳಗೆ ಕುಳಿಗಳಿಗೆ ಅಡ್ಡಹೆಸರು ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ನನ್ನವೆಲ್ಲ ತಿಂಡಿಯ ಹೆಸರುಗಳು. ಹೊಟ್ಟೆಬಾಕಿ ಎಂದು ಇನೆಸ್ ನಗುತ್ತಿದ್ದರು. ಅವರು ಹೆಸರಿಟ್ಟದ್ದು ಇದೊಂದಕ್ಕೇ: ಪಿಲಾರ್. ಎಳೆಯ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡ ತಮ್ಮ ಮಗಳ ಹೆಸರು. ಹೊಸ ನೌಕೆಯೊಂದು ಅಲ್ಲಿಗೆ ಹೊರಡುವುದಿತ್ತು. ಅದು ಪಿಲಾರ್‌ಳನ್ನು ಹತ್ತಿರದಿಂದ ತೋರಿಸುವವರೆಗೆ ನಿವೃತ್ತಿಯ ಮಾತೆತ್ತಬೇಡಿ ಎಂದು ಮೇಲಿನವರಿಗೆ ಹೇಳಿಬಿಟ್ಟಿದ್ದರು.

ಕ್ಯಾಮೆರಾ ಹೇಳುವ ಸುಳ್ಳನ್ನು ಹಿಡಿಯುವುದು ನನ್ನ ಕೆಲಸ. ಹೊಸ ನೌಕೆಗಾಗಿ ಹಳೆಯ ನಕ್ಷೆಯನ್ನು ತಿದ್ದಬೇಕಿತ್ತು. ಹಳೆಯ ನೌಕೆ ತೆಗೆದ ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಹೇರಿ ಸರಾಸರಿ ತೆಗೆದರೆ ನೆಲವೆಲ್ಲ ಮಸುಕಾಗಿ, ಕ್ಯಾಮೆರಾದ್ದೇ ಆದ ಕಲೆಗಳು ಮಾತ್ರ ಉಳಿಯುತ್ತವೆ. ಹಾಗೆ ಮಾಡಿದಾಗ ಕೆಳಮೂಲೆಯಲ್ಲಿ ಬಳೆಯಂಥ ಒಂದು ತೆಳು ಕಲೆ ಉಳಿಯಿತು. ಉಡಾವಣೆಯ ಕುಲುಕಾಟದಲ್ಲಿ ಕ್ಯಾಮೆರಾದೊಳಗೆ ಬಂದು ಕೂತ ಧೂಳಿನ ಕಣದ ನೆರಳು ಅದು. ಬೇರೆ ಕಡೆಗಳಲ್ಲಿ ಪಕ್ಕದ ಚಿತ್ರ ಬಂದು ಆ ಮೂಲೆಯನ್ನು ಮುಚ್ಚಿತ್ತು. ಬಿಳಿ ಭಾಗದ ಅಂಚಿನಲ್ಲಿ ಮುಚ್ಚಲು ಇನ್ನೊಂದು ಚಿತ್ರವೇ ಇರಲಿಲ್ಲ; ಅಲ್ಲಿ ಆ ಬಳೆಯೇ ಕುಳಿಯಂತೆ ಕಂಡಿತ್ತು.

ಪಿಲಾರ್ ಎಂಬ ಕುಳಿ ಆ ಚಂದ್ರನ ಮೇಲೆ ಇರಲೇ ಇಲ್ಲ. ಆ ಹಾಳು ಕಣದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಧ್ಯಾಹ್ನ ಇನೆಸ್ ಮುಸುಕಿನ ಜೋಳದ ಸಿಪ್ಪೆ ಬಿಡಿಸಿ, ಅದರಲ್ಲಿ ಸುತ್ತಿ ಬೇಯಿಸಿದ ಟಮಾಲೆ ಕಡುಬು ತಿನ್ನುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಸಿಪ್ಪೆಯನ್ನು ಮತ್ತೆ ಮಡಿಸಿ ಡಬ್ಬಿಯಲ್ಲಿಟ್ಟರು.

"ನಾನೇ ಅಳಿಸ್ತೀನಿ. ಬೇರೆಯವ್ರು ಕೈ ಹಚ್ಚೋದು ಬೇಡ."

ಅಳಿಸಿದರು. ಪರದೆಯ ಮೇಲೆ ಬರೀ ನುಣುಪಾದ ಹಿಮ ಉಳಿಯಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರು. ಆಮೇಲೆ ಹಳೆಯ ನೌಕೆ ಕಳಿಸಿದ ಮೂಲಚಿತ್ರಗಳನ್ನು ತೆರೆ ಎಂದರು. ತಿದ್ದುವುದೆಲ್ಲ ಪ್ರತಿಗಳಲ್ಲೇ, ಮೂಲವನ್ನು ನಾವ್ಯಾರೂ ಮುಟ್ಟುವುದಿಲ್ಲ.

ಗುರುಗ್ರಹದ ಮೋಡಪಟ್ಟಿಗಳು ಬಂದವು. ಕೆಳಮೂಲೆಯಲ್ಲಿ ಆ ಬಳೆ ಇತ್ತು. ಗಂಧಕದಿಂದ ಹಳದಿಯಾದ ಬೇರೊಂದು ಚಂದ್ರ ಬಂತು, ಅಲ್ಲೂ ಇತ್ತು. ಇನ್ನೊಂದು ತೆರೆದೆ, ಅದರಲ್ಲೂ ಇತ್ತು.

ಇನೆಸ್ ಪರದೆಯ ಮೂಲೆಗೆ ಬೆರಳಿಟ್ಟರು.

"ಒಂದೇ ಕಡೆ ಮಲಗಿದಾಳೆ ಅಂದ್ಕೊಂಡಿದ್ದೆ ಕಣೇ. ಎಲ್ಲಾ ಕಡೆ ಸುತ್ತಾಡಿ ಬಂದಿದಾಳೆ ನೋಡು."

ಅವರ ಕಣ್ಣು ತುಂಬಿತ್ತು, ನನ್ನದೂ.

"ಇದನ್ನ ಯಾರೂ ಒರೆಸಲ್ಲ, ಅಲ್ವಾ?"

"ಇಲ್ಲ ಇನೆಸ್. ಮೂಲನ ಯಾರೂ ಮುಟ್ಟಂಗಿಲ್ಲ."

ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾದ್ರೆ ಮೊದಲನೇ ಚಿತ್ರದಿಂದ ತೋರ್ಸು."