ಒಗ್ಗರಣೆ ಕಾಣದ ಅಡುಗೆಮನೆ

ಗೆಳೆಯರೇ, ನಮ್ಮ ಇಂಟೀರಿಯರ್ ಕಂಪನಿಗೆ ಜಾಹೀರಾತು ಕೊಡುವ ಶಕ್ತಿ ಇಲ್ಲ. ಹೊಸ ಗಿರಾಕಿಯನ್ನು ಹಳೇ ಗಿರಾಕಿಯ ಮನೆಗೆ ಕರೆದೊಯ್ದು ತೋರಿಸುವುದೇ ನಮ್ಮ ಪ್ರಚಾರ. ಇವತ್ತು ಬೆಳಿಗ್ಗೆ ಕೆಂಗೇರಿ ಉಪನಗರದ ದಂಪತಿಯನ್ನು ವಿಜಯನಗರದ ಸರೋಜಮ್ಮನವರ ಮನೆಗೆ ಕರೆದೊಯ್ದೆ. ಎರಡು ತಿಂಗಳಿಂದ ಒಂದೂ ಕೆಲಸ ಸಿಕ್ಕಿರಲಿಲ್ಲ, ಇವರು ಒಪ್ಪಲೇಬೇಕಿತ್ತು.

ನಾವು ಮಾಡಿಕೊಟ್ಟ ಮಾಡ್ಯುಲರ್ ಕಿಚನ್ ಎರಡು ವರ್ಷವಾದರೂ ಫಳಫಳ ಹೊಳೆಯುತ್ತಿತ್ತು. ಅದರ ಬಾಳಿಕೆಯ ಬಗ್ಗೆ ಗಂಭೀರವಾಗಿ ಉಪನ್ಯಾಸ ಶುರು ಮಾಡಿದೆ. ಅಷ್ಟರಲ್ಲಿ ಹಿಂಬಾಗಿಲ ಕಡೆಯಿಂದ ಕುಕ್ಕರ್ ಕೂಗಿತು.

"ಆಂಟಿ, ಅಡುಗೆ ಎಲ್ಲಿ ಮಾಡ್ತೀರಾ?" ಎಂದರು ಹೊಸ ಗಿರಾಕಿಯ ಹೆಂಡತಿ.

"ಹಿಂದ್ಗಡೆ ಪಾತ್ರೆ ತೊಳೆಯೋ ಜಾಗದಲ್ಲಿ ಕಣಮ್ಮ. ಇಷ್ಟು ಚೆನ್ನಾಗಿರೋ ಕಡೆ ಯಾರಾದ್ರೂ ಒಗ್ಗರಣೆ ಹಾಕ್ತಾರಾ? ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ್ದೇ ಕೊನೆ."

ಉಪನ್ಯಾಸ ಅಲ್ಲಿಗೇ ನಿಂತಿತು. ಕೆಲಸ ಕೈತಪ್ಪಿತು ಅಂದುಕೊಂಡೆ. ಆಕೆ ಗಂಡನ ಕಡೆ ತಿರುಗಿ, "ನೋಡ್ರೀ, ನಮಗೂ ಹಿಂದ್ಗಡೆ ಒಂದು ಕಟ್ಟೆ ಹಾಕಿಸ್ಬೇಕು," ಎಂದರು.

ಸಂಜೆ ಒಪ್ಪಿಗೆಯ ಫೋನ್ ಬಂತು. ಈಗ ನಕ್ಷೆ ಬಿಡಿಸುತ್ತಾ ಕೂತಿದ್ದೇನೆ. ಚಿಮಣಿ ಎಲ್ಲಿ ಬರಬೇಕು ಎಂದು ಕೇಳಿದ್ದಕ್ಕೆ, "ಬಾಗಿಲಿಂದ ಬಂದೋರಿಗೆ ಕಾಣೋ ಹಾಗೆ ಇಡಿ ಸಾರ್," ಎಂದಿದ್ದಾರೆ. ಹೊಗೆಯ ವಿಷಯ ನಾನು ಎತ್ತಲಿಲ್ಲ.